ಟವೆಲ್ಲಿನಡಿ ಇತ್ಯರ್ಥವಾದ ಸವಕಳಿ

ನೂಲಿಗೆ ಬೀಳುವ ಅಸಲು ಖರ್ಚು ಎಷ್ಟೆಂದು ಸರ್ಕಾರಕ್ಕೆ ತಿಳಿಸದೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯಾವ ಒಲೆಯನ್ನೂ ಹೊತ್ತಿಸಕೂಡದು ಎಂಬ ನಿಯಮ ೧೯೫೯ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆ ಒಲೆಗಳು ಬರೀ ಸೌದೆಯಿಂದ ಉರಿಯುತ್ತಿದ್ದವು.

ಅಸಲು ಲೆಕ್ಕದ ಇನ್‌ಸ್ಪೆಕ್ಟರ್ ಯೋಗನರಸಿಂಹಯ್ಯನವರು ಗಂಗುಲಮ್ಮನ ಕೊಟ್ಟಿಗೆಗೆ ಬಂದದ್ದು ಬುಧವಾರ. ಎರಡು ಚರಕದ ಮೇಲೆ ಸಂಸಾರ ತೂಗಿಸುತ್ತಿದ್ದ ವಿಧವೆ ಆಕೆ. ಇದ್ದಬದ್ದ ದುಡ್ಡೆಲ್ಲ ಸುರಿದು ಗೂಡು ಕೊಂಡಿದ್ದಳು. ಶುಕ್ರವಾರದೊಳಗೆ ಬೇಯಿಸದಿದ್ದರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ನಿಯಮವನ್ನು ಹುಳುಗಳಿಗೆ ಇನ್ನೂ ತಿಳಿಯಪಡಿಸಿರಲಿಲ್ಲ.

ಗೂಡು, ಸೌದೆ, ಕೂಲಿ ಬರೆದಾಯಿತು. ಸವಕಳಿಯ ಕಲಂ ಬಂತು.

“ಈ ಚರಕ ಇನ್ನೆಷ್ಟು ವರ್ಷ ಬಾಳುತ್ತಮ್ಮ?”

“ತಂದಿಟ್ಟ ನಮ್ಮತ್ತೇನೇ ಹೋಗ್ಬಿಟ್ರು ಸ್ವಾಮಿ. ಇದಿನ್ನೂ ತಿರುಗ್ತಾ ಐತೆ.”

“ಹಾಗೆಲ್ಲ ಬರೆಯೋಕಾಗಲ್ಲ. ತಿಂಗಳಿಗೆ ಹತ್ತು ರೂಪಾಯಿ ಸವೀತು ಅಂತ ಹಾಕ್ತೀನಿ. ಆಗ ನಿಮಗೆ ನಷ್ಟ ಬರ್ತದೆ. ನಷ್ಟದ ಒಲೆಗೆ ಸೀಲು.”

“ಹೊಸಾದೇ ಎಂಬತ್ತಕ್ಕೆ ಬರ್ತದೆ! ಒಂದು ರೂಪಾಯಿ ಹಾಕ್ಕೊಳ್ಳಿ.”

“ಮೇಲಿನವರು ನಗ್ತಾರೆ.”

ಗೂಡಿನ ದಲ್ಲಾಳಿ ಆವಲಪ್ಪ ಬಾಗಿಲಲ್ಲೇ ಕೂತಿದ್ದ. ಇಲ್ಲಿ ಗೂಡಿನ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಸುಕಿ ಗೊತ್ತುಮಾಡುತ್ತಾರೆ. ಅವನು ತಂತಿಯ ಮೇಲಿದ್ದ ಗಂಗುಲಮ್ಮನ ಟವೆಲ್ ಎಳೆದುಕೊಂಡ. “ಬಾಯಲ್ಲಿ ಆಡಿದ್ರೆ ವ್ಯಾಪಾರ ಕೆಡ್ತದೆ. ಕೈ ಕೊಡಿ ಸಾರ್.”

ಸಾಹೇಬರು ಕೈ ಕೊಟ್ಟರು. ಟವೆಲ್ ಎರಡು ಸಲ ಉಬ್ಬಿತು, ಒಂದು ಸಲ ನಡುಗಿತು.

“ಅಯ್ಯಯ್ಯೋ, ಉಂಗುರ ಒತ್ತುತ್ತೆ ಕಣಯ್ಯ!”

“ಮೂರಕ್ಕೆ ಬನ್ನಿ, ಬಿಡ್ತೀನಿ.”

ಸವಕಳಿ ಮೂರು ರೂಪಾಯಿ ಎಂದು ದಾಖಲಾಯಿತು. ಗುರುವಾರ ಒಲೆ ಹೊತ್ತಿತು.

ತನಿಖೆಗೆ ಏನೂ ಸಿಗದಂತೆ ಲೆಕ್ಕ ಮುಗಿಸುವ ಈ ವಿಧಾನ ಮೇಲಧಿಕಾರಿಗಳಿಗೆ ಬಹಳ ಮೆಚ್ಚುಗೆಯಾಯಿತು. ಸುತ್ತೋಲೆ ಹೊರಟಿತು: “ಸಣ್ಣ ಕೈಗಾರಿಕೆಗಳ ಆಯವ್ಯಯದಲ್ಲಿ ಗೊತ್ತಿಲ್ಲದ ಅಂಕಿಗಳನ್ನು ಇನ್ನು ಮುಂದೆ ಟವೆಲ್ಲಿನ ಅಡಿಯಲ್ಲಿ ನಿರ್ಧರಿಸತಕ್ಕದ್ದು. ಟವೆಲ್ ಒಗೆದು ಒಣಗಿಸಿದ್ದಾಗಿರತಕ್ಕದ್ದು.” ಚಿಂತಾಮಣಿಯ ಎಣ್ಣೆ ಗಾಣಗಳೂ ಗೌರಿಬಿದನೂರಿನ ಹೆಂಚು ಸುಡುವ ಭಟ್ಟಿಗಳೂ ಅದೇ ಪ್ರಕಾರ ನಡೆದವು.

ಕಚೇರಿಗೊಂದು ಟವೆಲ್ ಕೊಳ್ಳಲು ಮಾತ್ರ ಆಗಲಿಲ್ಲ. ಅದರ ಬೆಲೆ ಗೊತ್ತುಮಾಡಲು ಟವೆಲ್ ಬೇಕಾಗಿತ್ತು. ಗಂಗುಲಮ್ಮನದನ್ನೇ ಬಾಡಿಗೆಗೆ ಹಿಡಿದರು. ಬಾಡಿಗೆ ಅದರಡಿಯಲ್ಲೇ ತೀರ್ಮಾನವಾಯಿತು: ತಿಂಗಳಿಗೆ ಮೂವತ್ತು. ಈ ಸಲ ಹಿಸುಕಿದವಳು ಅವಳೇ.

ಮರುವರ್ಷ ಯೋಗನರಸಿಂಹಯ್ಯನವರು ಲೆಕ್ಕ ನೋಡಿ ಕನ್ನಡಕ ತೆಗೆದರು.

“ತಿಂಗಳಿಗೆ ನೂಲಿನ ಲಾಭ ಹನ್ನೊಂದು, ಟವೆಲ್ಲಿನದು ಮೂವತ್ತು. ನಿಮ್ಮ ಮುಖ್ಯ ಉತ್ಪನ್ನ ಟವೆಲ್ ಬಾಡಿಗೆ ಕಣಮ್ಮ. ರೇಷ್ಮೆ ಉಪೋತ್ಪನ್ನ.”

ಗಂಗುಲಮ್ಮ ಒಲೆಗೆ ಅಡ್ಡ ಬಂದು ನಿಂತಳು. “ಹಂಗಾದ್ರೆ ಒಲೆಗೆ ಸೀಲಾ ಸ್ವಾಮಿ?”

“ಛೆ ಛೆ, ಉರೀಲಿ. ಟವೆಲ್ ಒಣಗಬೇಕಲ್ಲ.”

ಅಂದಿನಿಂದ ಆ ಒಲೆಯ ಲೈಸೆನ್ಸು ಟವೆಲ್ ಒಣಗಿಸುವ ಬಾಬ್ತಿನಲ್ಲೇ ನವೀಕರಣವಾಗುತ್ತಿದೆ. ಒಲೆ ಹೇಗೂ ಉರಿಯುತ್ತಿರುವುದರಿಂದ ಗೂಡನ್ನೂ ಬೇಯಿಸಿಕೊಳ್ಳುತ್ತಾರೆ.