ಜರ್ಮನಿ ಸಾಹೇಬರ ತಪ್ಪು

ಕೆಟ್ಟ ಸುದ್ದಿಯನ್ನು ನೆಟ್ಟಗೆ ಹೇಳುವುದು ನನಗೆ ಬರುವುದಿಲ್ಲ. ಇದು ನನ್ನೊಬ್ಬಳ ದೋಷವಲ್ಲ, ನಮ್ಮೂರು ಅಸಂಗಿಯ ರೀತಿಯೇ ಹಾಗೆ. ನಮ್ಮ ಕುರಿ ಪಕ್ಕದವರ ಜೋಳ ಮೇಯ್ದರೆ ಅಪ್ಪ ಅವರ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಮಳೆ, ಎಮ್ಮೆ, ಮೊಮ್ಮಕ್ಕಳು ಎಲ್ಲವನ್ನೂ ವಿಚಾರಿಸಿ, ಏಳುವ ಹೊತ್ತಿಗೆ ಜೋಳದ ಮಾತು ತೆಗೆಯುತ್ತಾನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಈಗ ಪುಣೆಯಲ್ಲಿ ಭೌತಶಾಸ್ತ್ರದ ಸಂಶೋಧನೆ. ಘನವಸ್ತುವಿನೊಳಗೆ ಎಲೆಕ್ಟ್ರಾನುಗಳ ಹಿಂಡು ಹೇಗೆ ನಡೆಯುತ್ತದೆಂದು ಕಾಗದದ ಮೇಲೆ ಲೆಕ್ಕ ಹಾಕುವ ಕೆಲಸ. ಜರ್ಮನಿಯಲ್ಲಿರುವ ಹಿರಿಯ ಪ್ರೊಫೆಸರರೊಬ್ಬರು ಈ ಕೆಲಸದಲ್ಲಿ ಜೊತೆಗಿದ್ದಾರೆ. "ಒಂದಾದ್ರೂ ಎಲೆಕ್ಟ್ರಾನ್ ಕಂಡೀಯೇನವಾ?" ಎಂದು ಅಪ್ಪ ಕೇಳಿದ್ದ. ಇಲ್ಲವೆಂದೆ. "ಕಾಣದ ಹಿಂಡು ಕಾಯಾಕ ಪಗಾರ ಕೊಡ್ತಾರ? ಭಾಳ ಚಲೋ ಮಂದಿ!" ಎಂದ.

ರಜೆಗೆ ಊರಿಗೆ ಬಂದಿದ್ದೆ. ನಾನೂ ಪ್ರೊಫೆಸರರೂ ಕೂಡಿ ಬರೆದ ಲೇಖನ ಅಂದೇ ಸಂಜೆ ಸಂಶೋಧನಾ ಪತ್ರಿಕೆಗೆ ಹೋಗಬೇಕಿತ್ತು. ಮಧ್ಯಾಹ್ನ ಕೊನೆಯ ಸಲ ಓದುವಾಗ ಪ್ರೊಫೆಸರರ ಭಾಗದ ಒಂದು ಸಮೀಕರಣದಲ್ಲಿ ಒಂದು ಪದವೇ ಬಿಟ್ಟುಹೋಗಿದ್ದು ಕಂಡಿತು. ಅದನ್ನು ಸೇರಿಸಿದರೆ ಫಲಿತಾಂಶ ತಲೆಕೆಳಗು. ಹಾಗೆಯೇ ಕಳಿಸಿದರೆ ಇಬ್ಬರ ಮಾನವೂ ಹೋಗುತ್ತದೆ. ಜೋಳ ಹಸನು ಮಾಡುತ್ತಿದ್ದ ಅವ್ವ, "ಯಾಕ, ಮಾರಿ ಸಣ್ಣ ಮಾಡೀ?" ಎಂದಳು.

"ಸಾಹೇಬ್ರು ತಪ್ಪ ಬರದಾರವ್ವ. ಹಿರೇರು, ಹೆಂಗ ಹೇಳ್ಲಿ?"

"ನಿಮ್ಮಪ್ಪ ಹಿರ್ಯಾ ಅಲ್ಲೇನು? ಅವ ಕುರಿ ಎಣಸೂದ್ರಾಗ ತಪ್ಪಿದ್ರ ಓಣಿಗೆಲ್ಲಾ ಕೇಳೂಹಂಗ ಒದರತಿ. ಲಗೂನ ಹೇಳು!"

ವಿಡಿಯೊ ಕರೆ ಮಾಡಿದೆ. ಆರೋಗ್ಯ ಕೇಳಿದೆ. ಅಲ್ಲಿನ ಹಿಮ ಕೇಳಿದೆ. ಅವರ ಹೆಂಡತಿಯ ಮಂಡಿನೋವು ಕೇಳಿದೆ. ನಾಯಿಯ ಕ್ಷೇಮಕ್ಕೆ ಬರುವಷ್ಟರಲ್ಲಿ ಪ್ರೊಫೆಸರರ ಮುಖ ಇಳಿದು, "ನೀವು ಕೆಲಸ ಬಿಡುತ್ತಿದ್ದೀರಾ?" ಎಂದರು. ಗಾಬರಿಯಲ್ಲಿ ತಪ್ಪಿನ ವಿಷಯ ಹೇಳಿಬಿಟ್ಟೆ. "ಅಷ್ಟೇನಾ?" ಎಂದು ನಿಟ್ಟುಸಿರು ಬಿಟ್ಟು, ಫೈಲಿನಿಂದ ಹಳೆಯ ಹಾಳೆಯೊಂದನ್ನು ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಆ ಪದ ಅಲ್ಲಿಯೂ ಇರಲಿಲ್ಲ. ಅಕ್ಷರ ನನ್ನದು. "ನೀವು ಕಳಿಸಿದ್ದನ್ನೇ ನಾನು ಬರೆದುಕೊಂಡೆ. ತಪ್ಪು ನಿಮ್ಮದು. ಲೇಖನ ಇವತ್ತು ಬೇಡ, ಸೋಮವಾರ ಸರಿಮಾಡೋಣ" ಎಂದು ಕರೆ ಮುಗಿಸಿದರು.

ಇಂಗ್ಲಿಷ್ ಬಾರದ ಅವ್ವ, "ಏನಂದ್ರು?" ಎಂದಳು. "ತಪ್ಪಾಗೇದ ಅಂತ ಒಪ್ಪಿದ್ರು" ಎಂದೆ. ಅದು ಸುಳ್ಳಲ್ಲ. ಸಂಜೆಯೊಳಗೆ ಅವ್ವ ಓಣಿಗೆಲ್ಲ ಸಾರಿದ್ದಳು. ಪಕ್ಕದ ಮನೆಯ ಶಾಂತವ್ವ ಬಂದು ನನ್ನ ಕೈ ಹಿಡಿದಳು. "ಜರ್ಮನಿ ಸಾಹೇಬನ ತಪ್ಪ ಹಿಡದಿಯಂತಲ್ಲವಾ! ನಮ್ಮ ಹುಡುಗೀನೂ ಸಾಯನ್ಸಿಗೆ ಹಚ್ಚತೀನಿ. ಲಗ್ನ ಆಮ್ಯಾಲ ನೋಡೂಣು."

ನಿಜ ಹೇಳಲು ತೆರೆದ ಬಾಯಿ ಮುಚ್ಚಿಕೊಂಡೆ. ಆ ಹುಡುಗಿ ಈಗ ಹತ್ತನೇ ಇಯತ್ತೆ. ಅವಳ ಡಿಗ್ರಿ ಮುಗಿದ ಮೇಲೆ ಹೇಳಿದರಾಯಿತು. ಇದು ನನ್ನ ಮಾನ ಉಳಿಸಿಕೊಳ್ಳಲು ಅಲ್ಲ, ಆ ಹುಡುಗಿಯ ಓದಿಗಾಗಿ ಎಂದು ದಿನಕ್ಕೆರಡು ಸಲ ನನಗೆ ನಾನೇ ತಿಳಿಹೇಳುತ್ತಿದ್ದೇನೆ.