ಮಾವನ ಅನುಮಾನ ಮತ್ತು ನನ್ನ ಮದುವೆಯ ಕಾಶಿಯಾತ್ರೆ

ನನ್ನ ಸೋದರಮಾವ ತಮ್ಮ ಸ್ವಂತ ಮದುವೆಯ ಫೋಟೋದಲ್ಲೂ ಪುರೋಹಿತರನ್ನು ಓರೆಗಣ್ಣಿನಿಂದ ನೋಡುತ್ತಾ ನಿಂತಿದ್ದಾರೆ ಎಂದರೆ ನೀವು ನಂಬಬೇಕು! ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣದಲ್ಲಿ ಬಿರುಕು ಹುಡುಕಿದವರು. ನಿವೃತ್ತರಾದ ಮೇಲೆ ಅದೇ ಕೆಲಸವನ್ನು ಮದುವೆಮನೆಗಳಲ್ಲಿ ಮುಂದುವರಿಸಿದ್ದಾರೆ.

"ಅಂತರಪಟ ಯಾಕೆ ಹಿಡೀತಾರೆ ಹೇಳು? ಹಿಂದೆ ಯಾರೋ ಒಬ್ಬ ಹುಡುಗನ್ನ ತೋರಿಸಿ ಇನ್ನೊಬ್ಬನ್ನ ನಿಲ್ಲಿಸಿರಬೇಕು. ಮೂಲ ಅದೇ!" ಕಾಲುಂಗುರ? "ಟಕ್ ಟಕ್ ಅಂದ್ರೆ ಸೊಸೆ ಎಲ್ಲಿದಾಳೆ ಅಂತ ಗೊತ್ತಾಗುತ್ತಲ್ಲ! ಅತ್ತೆ ಕಂಡುಹಿಡಿದಿದ್ದು." ಇದೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರೆ, "ಪುಸ್ತಕ ಬರೆದೋನು ಗಂಡಿನ ಕಡೆಯವನು" ಎನ್ನುತ್ತಾರೆ. ಇಂಥವರ ಹತ್ತಿರ ವಾದ ಮಾಡುವುದುಂಟೇ?

ನನ್ನ ಮದುವೆ ನಿಶ್ಚಯವಾದಾಗ ನಾನೂ ಹುಡುಗನೂ ಒಂದು ತೀರ್ಮಾನಕ್ಕೆ ಬಂದೆವು. ಬೇಡವೆನಿಸಿದ ಶಾಸ್ತ್ರಗಳನ್ನು ಬಿಟ್ಟು, ಒಬ್ಬರಿಗೊಬ್ಬರು ಕೊಡುವ ಮಾತನ್ನು ಕನ್ನಡದಲ್ಲೇ ಬರೆದು ಓದುವುದು. ಮಾವನಿಗೆ ಖುಷಿಯಾದೀತು ಎಂದುಕೊಂಡೆ. ಎಲ್ಲಿ! ಹುಡುಗನ ಹಾಳೆಯನ್ನು ಕೆಂಪು ಪೆನ್ನು ಹಿಡಿದೇ ಓದಿದರು.

"'ಸದಾ ನಿನ್ನ ಜೊತೆಗಿರುತ್ತೇನೆ.' ಸದಾ ಅಂದ್ರೆ? ಕೆಲಸ ಶಂಕರಘಟ್ಟದಲ್ಲಿ, ಮನೆ ಶಿವಮೊಗ್ಗದಲ್ಲಿ. ಬಸ್ಸಲ್ಲಿರೋವಾಗ?"

"ಬಸ್ಸಿನ ಸಮಯ ಬಿಟ್ಟು ಅಂತ ಸೇರಿಸ್ಲಾ ಮಾವ?" ಹುಡುಗ ತಮಾಷೆಗೆ ಕೇಳಿದ.

"ಸೇರಿಸು," ಎಂದರು ಮಾವ. ಸೇರಿಸಿದ, ಪಾಪ!

ಹುಡುಗ ಹಟ ಹಿಡಿದು ಉಳಿಸಿಕೊಂಡ ಹಳೇ ಶಾಸ್ತ್ರ ಒಂದೇ, ಕಾಶಿಯಾತ್ರೆ. ಸಂನ್ಯಾಸಿಯಾಗುತ್ತೇನೆಂದು ಕೊಡೆ ಹಿಡಿದು ಹೊರಟ ವರನನ್ನು ಹೆಣ್ಣಿನ ಕಡೆಯವರು ಬೆಲ್ಲ ಕೊಟ್ಟು, ಬೇಡಿಕೊಂಡು ವಾಪಸ್ ಕರೆತರುವ ನಾಟಕ. ಫೋಟೋ ಚೆನ್ನಾಗಿ ಬರುತ್ತದೆಂಬ ಆಸೆ ಅವನಿಗೆ. ನನಗೆ ಐದು ವರ್ಷವಿದ್ದಾಗ ಮನೆ ಬಿಟ್ಟು ಹೋದ ಅಪ್ಪ ಮತ್ತೆ ಬರಲಿಲ್ಲ; ಅಮ್ಮನನ್ನೂ ನನ್ನನ್ನೂ ಸಾಕಿದವರು ಈ ಮಾವನೇ. ಹಾಗಾಗಿ ವರನನ್ನು ಬೇಡಿಕೊಳ್ಳುವ ಕೆಲಸವೂ ಅವರ ಪಾಲಿಗೇ ಬಂತು.

ಶಿವಮೊಗ್ಗದ ಛತ್ರದಲ್ಲಿ ಹುಡುಗ ಕೊಡೆ ಬಿಚ್ಚಿ ಹೊರಟ. ಮಾವ ಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ನಿಂತೇ ಇದ್ದರು! ಹುಡುಗ ಹಿಂದಿರುಗಿ ನೋಡಿದ. ಗೇಟು ದಾಟಿದ. ಆಟೋ ಸ್ಟ್ಯಾಂಡೂ ದಾಟಿ ಮರೆಯಾದ. ಫೋಟೋದವನು ಏನೂ ತೋಚದೆ ಅವನ ಹಿಂದೆ ಓಡಿದ.

"ಕರೀರಿ ಮಾರಾಯ್ರೆ, ಮುಹೂರ್ತ ಮೀರುತ್ತೆ!" ಪುರೋಹಿತರು ಕೂಗಿಕೊಂಡರು.

"ಹೋಗೋನು ಹೋಗ್ಲಿ. ನಾನು ಕರೆಯಲ್ಲ."

ಬೀಗರಲ್ಲಿ ಗುಸುಗುಸು ಶುರುವಾಯಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹಡಿಯ ಕಿಟಕಿಯಲ್ಲಿ ಇಣುಕುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯನ ಅನುಮಾನಕ್ಕೆ ನನ್ನ ಮದುವೆಯೇ ಮುರಿಯಬೇಕೇ? ದಡದಡ ಕೆಳಗಿಳಿದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಗೇಟಿನಲ್ಲಿ ಕೊಡೆ ಕಾಣಿಸಿತು.

"ಯಾರೂ ಕರೀಲಿಲ್ಲ. ನಾನೇ ಬಂದೆ," ಎಂದು ಹುಡುಗ ಬೆವರು ಒರೆಸಿಕೊಂಡ.

ಮಾವ ತಟ್ಟೆ ಕೆಳಗಿಟ್ಟು ಗಳಗಳ ಅತ್ತುಬಿಟ್ಟರು. ಅವರು ಅತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ನಿಮ್ಮಪ್ಪ ಮದುವೆ ದಿನ ಹೀಗೇ ಕಾಶಿಯಾತ್ರೆಗೆ ಹೊರಟಾಗ ಗದ್ದ ಹಿಡಿದು ವಾಪಸ್ ಕರ್ಕೊಂಡು ಬಂದೋನು ನಾನೇ ಕಣೇ. ನಿಮ್ಮಮ್ಮನ ಬಾಳು ಹಾಳು ಮಾಡಿದ್ದು ನಾನೇ. ಇವನು ತಾನಾಗಿ ಬರ್ತಾನೋ ಇಲ್ವೋ ನೋಡ್ಬೇಕಿತ್ತು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ನೀವು ಕರ್ಕೊಂಡು ಬರದೇ ಇದ್ದಿದ್ರೆ ನಾನೆಲ್ಲಿ ಇರ್ತಿದ್ದೆ ಮಾವ?" ಎಂದೆ.

ಮಾವ ನನ್ನ ಕೆನ್ನೆ ಸವರಿ, "ಅದನ್ನ ನಾನು ಯೋಚನೆನೇ ಮಾಡಿರ್ಲಿಲ್ಲ ನೋಡು," ಎಂದರು.