ದೊರೆಯ ಪೆನ್ನಿಗೆ ಹದಿನೈದು ದಿನದ ಪರೀಕ್ಷೆ

ನಾನು ಈವರೆಗೆ ದೊಡ್ಡ ಸಾಹಿತಿಯಾಗದೆ ಉಳಿದದ್ದಕ್ಕೆ ಕಾರಣ ಒಂದೇ: ನನ್ನ ಹತ್ತಿರ ಒಳ್ಳೆಯ ಪೆನ್ನು ಇರಲಿಲ್ಲ. ಇದನ್ನು ನನ್ನ ಹೆಂಡತಿ ವಸುಮತಿಗೆ ಮದುವೆಯಾದಂದಿನಿಂದ, ಅಂದರೆ ಒಂಬತ್ತು ವರ್ಷದಿಂದ, ಹೇಳುತ್ತ ಬಂದಿದ್ದೇನೆ. ಅವಳು ಒಂದು ದಿನವೂ ಅಲ್ಲವೆನ್ನಲಿಲ್ಲ. (ಹೌದೆಂದೂ ಅನ್ನಲಿಲ್ಲ.)

ನಾನು ಪುತ್ತೂರಿನ ವಕೀಲರೊಬ್ಬರ ಗುಮಾಸ್ತ. ದಿನವಿಡೀ ಬರೆಯುವುದೇ ಕಸುಬು. ಆದರೆ ಕುಡಿಕೆಗೆ ಅದ್ದಿ ಅದ್ದಿ ಬರೆಯುವ ಆ ಲೇಖನಿಯಲ್ಲಿ ನಾಲ್ಕು ಶಬ್ದಕ್ಕೊಮ್ಮೆ ಮಸಿ ಮುಗಿಯುತ್ತದೆ, ಮಸಿ ಮುಗಿದಲ್ಲಿಗೆ ಕಲ್ಪನೆಯೂ ಮುಗಿಯುತ್ತದೆ. ದರ್ಬೆಯ ನಮ್ಮ ಮನೆಗೆ ಬಂದ ಮೇಲೆ ಒಂದು ಕಾರ್ಡು ಬರೆಯುವುದಕ್ಕೂ ಕೈ ಏಳುವುದಿಲ್ಲ.

ಆದರೆ ಬರೆಯಲೇಬೇಕಾದ ಕಾಗದವೊಂದು ಬಾಕಿ ಇತ್ತು. ಕುಂಬ್ರದ ನನ್ನ ಮಾವ ಪಕ್ಕದ ಮನೆಗೆ ಹೇಳಬೇಕಾದ್ದನ್ನೂ ಬರೆದೇ ಕಳಿಸುವ ಮನುಷ್ಯ. ಬಾಯಿಮಾತೆಂದರೆ ಅವರಿಗೆ ಗಾಳಿ. ವಿಷು ಹಬ್ಬಕ್ಕೆ ಮೊದಲೇ ಅವರ ಕಾಗದ ಬಂದಿತ್ತು: 'ಇಲ್ಲಿಯ ಶಾಲೆಗೆ ಒಬ್ಬರು ಟೀಚರು ಬೇಕಾಗಿದ್ದಾರೆ. ವಸುಮತಿ ಟ್ರೈನಿಂಗ್ ಮುಗಿಸಿದವಳು. ಶಾಲೆಯ ಮ್ಯಾನೇಜರರ ಅಡ್ಡಿಯಿಲ್ಲ. ತಮ್ಮ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಿಳಿಸುವುದು.'

ಒಪ್ಪಿಗೆಯಿಲ್ಲ ಎನ್ನುವಷ್ಟು ಹಳೆಯ ಕಾಲದವನಲ್ಲ ನಾನು. ಆದರೆ ಸಾಯಂಕಾಲ ಕೋರ್ಟಿನಿಂದ ಬಂದ ಕೂಡಲೇ ನನಗೆ ಕಾಫಿ ಕೊಡುವವರು ಯಾರು? ಇದನ್ನು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ, "ಬರೀತೇನೆ ವಸು, ಒಂದು ಒಳ್ಳೆ ಪೆನ್ನು ಬರ್ಲಿ" ಎಂದು ದಿನ ದೂಡುತ್ತಿದ್ದೆ.

ಪೆನ್ನು ಬಂದೇಬಿಟ್ಟಿತು! ಮನೆಗೆ ತಂದವರು ಸುಳ್ಯದ ಕೂಸಪ್ಪ ಗೌಡರು, ನಮ್ಮ ವಕೀಲರ ಹಳೆಯ ಕಕ್ಷಿಗಾರರು. ಘಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಪ್ರೀತಿಯಿಂದ ಅವರಿಗೆ ಕೊಟ್ಟದ್ದಂತೆ. ಕಡುಗಪ್ಪು ಮೈ, ಕ್ಯಾಪಿಗೆ ಚಿನ್ನದ ಬಳೆ, ಒಳಗೆ ಚಿನ್ನದ ನಿಬ್ಬು.

"ನನಗೆಂತಕ್ಕೆ ಭಟ್ರೆ ಇದು? ನಾನು ರುಜು ಹಾಕುದು ವರ್ಷಕ್ಕೆ ಎರಡು ಸಲ, ಅದೂ ನಿಮ್ಮ ಎದುರು. ನಿಮ್ಮ ಸೈಕಲ್ ಕೊಡಿ, ಪೆನ್ನು ಇಟ್ಕೊಳ್ಳಿ. ಹದಿನೈದು ದಿವಸ ಬರ್ದು ನೋಡಿ ಮಾರಾಯ್ರೆ, ಸೈಕಲ್ ಆಮೇಲೆ ತಕೊಂಡು ಹೋಗ್ತೇನೆ. ದಿನಬಳಕೆಗೆ ಆಗುದಿಲ್ಲ ಅಂತ ಕಂಡ್ರೆ ವಾಪಸ್ ಕೊಡಿ, ಬೇಜಾರಿಲ್ಲ" ಎಂದರು.

ವಸುಮತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಸೈಕಲ್ ಕೊಟ್ಟು ಪೆನ್ನು ತಕೊಳ್ಳುದಾ? ನಾಳೆ ಕೋರ್ಟಿಗೆ ಪೆನ್ನು ಹತ್ತಿ ಹೋಗ್ತೀರಾ?"

"ನಿಬ್ಬು ನೋಡು, ಚಿನ್ನದ್ದು!"

"ನನ್ನ ಕಿವಿಗೆ ಹಾಕ್ಲಿಕ್ಕೆ ಆಗ್ತದಾ ಅದು?"

"ಮಾರಾಯ್ತಿ, ಇದರಲ್ಲಿ ಕಾದಂಬರಿ ಬರೀಲಿಕ್ಕುಂಟು."

ಅವಳು ಪೆನ್ನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಕಾದಂಬರಿ ಆಮೇಲೆ. ಮೊದ್ಲು ಅಪ್ಪನಿಗೆ ಆ ಕಾಗದ ಬರೀರಿ. ಶಾಲೆ ಶುರುವಾಗ್ಲಿಕ್ಕೆ ಇನ್ನು ಒಂದು ತಿಂಗಳೂ ಇಲ್ಲ. ಈ ಹದಿನೈದು ದಿವಸದಲ್ಲಿ ಅದೊಂದು ಬರ್ದು ಮುಗಿಸಿದ್ರೆ ಪೆನ್ನು ದಿನಬಳಕೆಗೆ ಆಗ್ತದೆ ಅಂತ ನಾನೂ ಒಪ್ತೇನೆ. ಇಲ್ಲದಿದ್ರೆ ಪೆನ್ನು ಸುಳ್ಯಕ್ಕೆ."

ಹೀಗೆ ಮಹಾಪರೀಕ್ಷೆ ಆರಂಭವಾಯಿತು. ಮಗ್ಗುಲಿನ ಚಿನ್ನದ ಕಡ್ಡಿಯನ್ನು ಎತ್ತಿ ಇಳಿಸಿದರೆ ಪೆನ್ನು ತಾನೇ ಗುಳುಗುಳು ಎಂದು ಇಂಕು ಕುಡಿಯುತ್ತದೆ, ಆಹಾ! ಆದರೆ ಬರೆಯಹೊರಟರೆ ಒಂದು ತೊಡಕು. ನಿಬ್ಬು ದೊರೆಯ ಕೈಗೆ ಸವೆದು ಸವೆದು ಎಡಕ್ಕೆ ವಾಲಿತ್ತು. ನಮ್ಮ ಕನ್ನಡದ ದುಂಡು ಅಕ್ಷರ ತಿರುಗುವಲ್ಲಿ ಕರಕರ ಎಂದು ಹಟ ಹಿಡಿಯುತ್ತಿತ್ತು. ಮೂರನೆಯ ದಿನ ನನಗೆ ಉಪಾಯ ಹೊಳೆಯಿತು. ಪೆನ್ನನ್ನು ತಿರುಗಿಸುವುದಲ್ಲ, ಕಾಗದವನ್ನು ಓರೆ ಮಾಡುವುದು! ಆಮೇಲೆ ನೋಡಬೇಕು, ಬಾಳೆಲೆಯ ಮೇಲೆ ತುಪ್ಪ ಹರಿದ ಹಾಗೆ ಹರಿಯಿತು.

ಹೊಸ ಪೆನ್ನು ಕೈಗೆ ಬಂದರೆ ನಮ್ಮವರು ಬರೆಯುವುದು ಎರಡೇ. ಮೊದಲು 'ಶ್ರೀ', ಆಮೇಲೆ ಸ್ವಂತ ರುಜು. ನಾನೂ ಹಾಗೆಯೇ. ಕಾಗದದ ನೆತ್ತಿಯ ಮೇಲೆ 'ಶ್ರೀ', ಅದರ ಕೆಳಗೆ 'ತೀರ್ಥರೂಪ ಮಾವನವರಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು', ಮತ್ತೆ ನೇರವಾಗಿ ಕಾಗದದ ಅಡಿಗೆ ಇಳಿದು 'ತಿರುಮಲೇಶ್ವರ' ಎಂಬ ರುಜು, ಅದರಡಿಗೆ ಬಾಲದಂಥ ಒಂದು ಗೆರೆ. ನಡುವಿನ ಜಾಗ ತುಂಬಿಸಲು ಯೋಚನೆ ಬೇಕು. ಯೋಚನೆ ಮಾಡಲು ಕಿಟಕಿಯ ಬಳಿ ಕೂತೆ.

ಕೂತದ್ದೇ ತಪ್ಪಾಯಿತು. ಬಿಸಿಲು ನಿಬ್ಬಿನ ಮೇಲೆ ಬಿತ್ತು. ಆ ಹೊಳಪಿನೊಳಗೆ ಒಂದು ಪುಟ್ಟ ಕಿಟಕಿ ಕಂಡಿತು, ಕಿಟಕಿಯೊಳಗೆ ಪುಟ್ಟ ನಾನು. ಆ ಪುಟ್ಟ ನಾನು ಬರೆಯುತ್ತಲೇ ಇದ್ದೆ, ಕೈ ಸೋಲುತ್ತಿರಲಿಲ್ಲ. ಉಪ್ಪಿನಂಗಡಿಯಲ್ಲಿ ಎರಡು ನದಿ ಸೇರುವಲ್ಲಿ ನೀರು ಅವಸರವಿಲ್ಲದೆ ಸುತ್ತಿ ಸಾಗುತ್ತದಲ್ಲ, ಹಾಗೆ ನೀಲಿ ಸಾಲುಗಳು ಸಾಗಿದವು. ಬಸ್ಸಿನ ಕಂಡಕ್ಟರು ಟಿಕೇಟು ಹರಿಯುವುದನ್ನು ಮರೆತು, "ಆ ತಿರುಮಲೇಶ್ವರ ನೀವೆಯಾ?" ಎಂದು ಕೇಳಿದ. ನಮ್ಮ ವಕೀಲರು ನನಗೆ ಕುರ್ಚಿ ಎಳೆದುಕೊಟ್ಟರು. ಎಚ್ಚರವಾದಾಗ ಬಿಸಿಲು ಅಂಗಳ ದಾಟಿತ್ತು, ಕಾಫಿ ಆರಿತ್ತು, ಕಾಗದದ ನಡುಭಾಗ ಹಾಗೆಯೇ ಬೆಳ್ಳಗಿತ್ತು.

ಮರುದಿನ ಹೊಸ ಹಾಳೆ, ಹೊಸ 'ಶ್ರೀ', ಹೊಸ ರುಜು, ಹೊಸ ಕನಸು. ವಸುಮತಿ ಗದರಲಿಲ್ಲ. "ಒಳ್ಳೆ ಹಾಳೆ, ಬಿಸಾಡ್ಬೇಡಿ" ಎಂದು ಒಂದೊಂದನ್ನೂ ಎತ್ತಿಡುತ್ತಿದ್ದಳು. ಎಂಥ ಮಿತವ್ಯಯದ ಗೃಹಿಣಿ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ಪೆನ್ನಿನಲ್ಲಿ ಕಂಡ ಹೊಸ ದೋಷ ಒಂದೇ, ಇಂಕು ಬಲು ಬೇಗ ಖಾಲಿಯಾಗುತ್ತಿತ್ತು. ಕನಸು ಕಾಣುವಾಗ ಆವಿಯಾಗಿ ಹೋಗುತ್ತದೆಂದು ತೀರ್ಮಾನಿಸಿದೆ.

ಹದಿನೈದನೆಯ ದಿನ ಕೋರ್ಟಿಗೆ ರಜೆ. ಬೆಳಿಗ್ಗೆ ಕೂಸಪ್ಪ ಗೌಡರು ಬಂದರು. ಮಾವನಿಗೆ ನಮಸ್ಕಾರದಿಂದ ಮುಂದೆ ಒಂದು ಸಾಲೂ ಬರೆದಿರಲಿಲ್ಲ. ಪೆನ್ನನ್ನು ಕೊನೆಯ ಸಲ ಪಂಚೆಯ ಅಂಚಿನಿಂದ ಒರೆಸುತ್ತಿದ್ದಾಗ ಅಂಚೆಯ ವೆಂಕಪ್ಪ ಒಂದು ಕಾಗದ ತಂದುಕೊಟ್ಟ. ಮಾವನ ಅಕ್ಷರ!

'ಚಿರಂಜೀವಿ ತಿರುಮಲೇಶ್ವರರಿಗೆ ಆಶೀರ್ವಾದಗಳು. ನೀವು ಬರೆದ ಕಾಗದ ಓದಿ ಕಣ್ಣು ತುಂಬಿ ಬಂತು. ವಸುಮತಿಯ ವಿದ್ಯೆ ಒಲೆಯ ಮುಂದೆ ಕರಗಬಾರದೆಂದೂ, ಸಾಯಂಕಾಲದ ಕಾಫಿಯನ್ನು ಇನ್ನು ಮುಂದೆ ನೀವೇ ಮಾಡಿ ಅವಳಿಗೂ ಕೊಡುವಿರೆಂದೂ ಬರೆದಿದ್ದೀರಿ. ಇಂಥ ಅಳಿಯ ಎಷ್ಟು ಜನಕ್ಕುಂಟು? ಕಾಗದವನ್ನು ಮ್ಯಾನೇಜರರಿಗೂ ತೋರಿಸಿದೆ. ಕೆಲಸ ನಿಶ್ಚಯವಾಯಿತು. ನಿಮ್ಮ ಅಕ್ಷರ ಈಗ ಥೇಟು ನಮ್ಮ ವಸುಮತಿಯ ಅಕ್ಷರದಂತೆಯೇ ಆಗಿದೆ. ದಂಪತಿಗಳ ಇಂಥ ಅನ್ಯೋನ್ಯ ಕಂಡು ಸಂತೋಷ.'

ಕಾಗದವನ್ನು ವಸುಮತಿಯ ಮುಂದೆ ಹಿಡಿದೆ. "ಇದು ಮೋಸ ಅಲ್ವಾ ವಸು?"

"ಎಂತ ಮೋಸ? ಮೇಲಿನ ಶ್ರೀ ನಿಮ್ಮದು, ಕೆಳಗಿನ ರುಜು ನಿಮ್ಮದು. ನಡುವಿನಲ್ಲಿ ನೀವು ಕನಸು ಕಾಣ್ತಾ ಇದ್ರಿ. ನನಗೂ ಒಂದು ಕನಸಿತ್ತು, ಬರ್ದೆ." ಅವಳು ಎತ್ತಿಟ್ಟ ಹಾಳೆಗಳನ್ನು ತಂದು ನನ್ನ ಮುಂದಿಟ್ಟಳು. "ಒಪ್ಪಿಗೆ ಇಲ್ಲದಿದ್ರೆ ಕೂಸಪ್ಪಣ್ಣನ ಎದುರೇ ಹೇಳಿ. ಈಗ್ಲೇ ಇನ್ನೊಂದು ಬರ್ದು ಹಾಕ್ತೇನೆ. ಹಾಳೆ ಇನ್ನೂ ಉಂಟು."

ಅವಳ ಬೆರಳಿನಲ್ಲಿ ನೀಲಿ ಕಲೆ ಇತ್ತು. ಒಂಬತ್ತು ವರ್ಷದಲ್ಲಿ ಅವಳ ಬೆರಳನ್ನು ನಾನು ನೋಡಿದ್ದು ಕಾಫಿ ಲೋಟದ ಸುತ್ತ ಮಾತ್ರ. ನನಗೆ ನಿಜವಾಗಿ ನಾಚಿಕೆಯಾಯಿತು.

"ಅಕ್ಷರ ಚೆಂದ ಉಂಟು" ಎಂದೆ. ಅಷ್ಟೇ ಹೊರಟಿತು.

ಕೂಸಪ್ಪ ಗೌಡರು ಕೆಮ್ಮಿದರು. "ಹಾಗಾದ್ರೆ ಪೆನ್ನು ಎಂತಾಯ್ತು? ದಿನಬಳಕೆಗೆ ಆಗ್ತದಾ?"

"ಆಗದೆ ಎಂತ!" ಎಂದಳು ವಸುಮತಿ. "ನಾನು ದಿನಾ ಬರ್ದು ನೋಡಿದ್ದೇನೆ. ನೀವು ಸೈಕಲ್ ತಕೊಂಡು ಹೋಗಿ."

ಗೌಡರು ಬೆಲ್ಲು ಬಾರಿಸುತ್ತ ಹೊರಟೇಹೋದರು.

ಈಗ ಅವಳು ಬಸ್ಸಿನಲ್ಲಿ ಕುಂಬ್ರಕ್ಕೆ ಹೋಗುತ್ತಾಳೆ. ಪೆನ್ನು ಅವಳ ಚೀಲದಲ್ಲಿ. ನಾನು ಕೋರ್ಟಿಗೆ ನಡೆದು ಹೋಗಿ, ಕುಡಿಕೆಗೆ ಅದ್ದಿ ಬರೆದು, ನಡೆದು ಬಂದು ಕಾಫಿಗೆ ನೀರಿಡುತ್ತೇನೆ. ಪೆನ್ನಿಗೆ ಇಂಕು ತುಂಬಿಸುವ ಅಧಿಕಾರವೊಂದು ನನ್ನಲ್ಲೇ ಉಳಿದಿದೆ. ದಿನಾ ಬೆಳಿಗ್ಗೆ ತುಂಬಿಸಿ, ಸರಿಯಾಗಿ ಇಳಿಯುತ್ತದೋ ಎಂದು ಒಂದು ಹಾಳೆಯ ಮೇಲೆ 'ಶ್ರೀ' ಬರೆದು, ಕೆಳಗೆ ರುಜು ಹಾಕಿ ನೋಡುತ್ತೇನೆ. ಚಿನ್ನದ ನಿಬ್ಬು ಕಂಡರೆ ಕೈ ಕೇಳುವುದಿಲ್ಲ.

ವಸುಮತಿ ಆ ಹಾಳೆಯನ್ನು ಊದಿ ಒಣಗಿಸಿ, ನಾಲ್ಕಾಗಿ ಮಡಚಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಇವತ್ತು ನಾನು ಯಾವುದಕ್ಕೆ ಒಪ್ಪಿದ್ದೇನೆಂದು ಅಂಚೆಯ ವೆಂಕಪ್ಪ ಬಂದ ಮೇಲೆಯೇ ತಿಳಿಯಬೇಕು.